'ನೌ' ಪಾಠದ ನೀರು

ಇಂಗ್ಲಿಷಿನ ಒಂದು ಗೇಣುದ್ದದ ಶಬ್ದ ಕಲಿಸಲು ಸರ್ಕಾರ ಎಷ್ಟು ಕಾಗದ ಕೆಡಿಸುತ್ತದೆ ಎಂಬುದನ್ನು ನೋಡಬೇಕಾದರೆ ಶಿಕ್ಷಕರ ತರಬೇತಿಗೆ ಸೇರಬೇಕು. ಸೂಗಮ್ಮ ಸೇರಿದ್ದಳು. ರಾಯಚೂರಿನ ತರಬೇತಿ ಶಾಲೆಯಲ್ಲಿ ಎರಡು ವರ್ಷ ಮುಗಿಸಿ, ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ ಕೊನೆಯ ಪರೀಕ್ಷಾ ಪಾಠಕ್ಕೆ ಬಂದು ನಿಂತಾಗ ಅವಳ ಪಾಲಿಗೆ ಬಂದ ಶಬ್ದ 'ನೌ'. ನಮ್ಮ ಮಾತಿನಲ್ಲಿ 'ಈಗ', ಅಷ್ಟೇ.

ಅಷ್ಟೇ ಅಂದರೆ ಶೇಷಗಿರಿ ಮಾಸ್ತರರಿಗೆ ಸಿಟ್ಟು ಬರುತ್ತಿತ್ತು. ಇಂಗ್ಲಿಷ್ ಕಲಿಸುವ ಪದ್ಧತಿ ಹೇಳಿಕೊಡುವವರು ಅವರೇ. ಹಣೆಯ ಮೇಲೆ ಅಂಗಾರ-ಅಕ್ಷತೆ, ಅಂಗಿಯ ತುಂಬಾ ಸೀಮೆಸುಣ್ಣದ ಪುಡಿ. ಒಂದು ದಿನ ಆ ಶಬ್ದದ ಬಂಧುಬಳಗವನ್ನೆಲ್ಲ ಹಲಗೆಯ ಮೇಲೆ ತಂದು ನಿಲ್ಲಿಸಿದ್ದರು. ಈ ಕ್ಷಣಕ್ಕೂ ಅದೇ, ಈ ಕಾಲಕ್ಕೂ ಅದೇ. ಅಳುವ ಕೂಸನ್ನು ಸುಮ್ಮನಿರಿಸಲು ಅದನ್ನೇ ಎರಡು ಸಲ ಅನ್ನಬೇಕು. ಸಾಹೇಬರು ಕೆಲಸ ಶುರು ಮಾಡುವ ಮುಂಚೆ ಗಂಟಲು ಸರಿಮಾಡಿಕೊಂಡು ಹೇಳುವುದೂ ಅದೇ. ಐದನೇ ತರಗತಿಯ ಮಕ್ಕಳಿಗೆ ಇಷ್ಟೆಲ್ಲ ಬೇಡ, ಮೊದಲನೆಯದೊಂದು ಸಾಕು ಎಂದು ಉಳಿದದ್ದನ್ನು ಒರೆಸಿ ಹಾಕಿದರು. ಆಮೇಲೆ ಪದ್ಧತಿ ಹೇಳಿದರು. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿ ಹೇಳಬೇಕು. ಬಾಗಿಲು ತೆರೆದ ಮೇಲೆ ಹೇಳಿದರೆ ಅದು ಆಗಿಹೋಯಿತು, ತೆರೆಯುವ ಮುಂಚೆ ಹೇಳಿದರೆ ಇನ್ನೂ ಆಗಿಲ್ಲ. ಬಾಗಿಲು ಕಿರ್ ಅನ್ನುತ್ತಿರುವಷ್ಟು ಹೊತ್ತು ಮಾತ್ರ 'ನೌ'. ನಾಟಕ ಮಾಡುವಂತಿಲ್ಲ, ನಿಜವಾಗಿ ಮಾಡಿ ತೋರಿಸಬೇಕು.

ಸೂಗಮ್ಮನಿಗೆ ಈ ಪಾಠ ಬರೀ ಪಾಠವಾಗಿರಲಿಲ್ಲ. ಅರಕೇರಾ ಬಳಿಯ ಒಂದು ಹಳ್ಳಿಯ ಕೇರಿಯಿಂದ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ. ತಾಯಿ ಯಮನಮ್ಮ ಗಂಡ ಸತ್ತ ಮೇಲೆ ಕಂಡವರ ಹೊಲದಲ್ಲಿ ಕಳೆ ಕಿತ್ತು, ಹತ್ತಿ ಬಿಡಿಸಿ ಮಗಳನ್ನು ಇಲ್ಲಿಯವರೆಗೆ ತಂದು ಮುಟ್ಟಿಸಿದ್ದಳು. ಪಾಠ ಪಾಸಾದರೆ ಸರ್ಟಿಫಿಕೇಟು, ಅದರ ಹಿಂದೆ ಟೀಚರ್ ನೌಕರಿ. ಫೇಲಾದರೆ ಇನ್ನೊಂದು ವರ್ಷ ಕಾಯಬೇಕು. ಸರ್ಕಾರದ ಊಟ, ವಸತಿ ಮಾರ್ಚಿಗೇ ಮುಗಿಯುತ್ತಿತ್ತು. ಒಮ್ಮೆ ಊರಿಗೆ ಹೋಗಿ ಕಳೆ ತೆಗೆಯುವ ಕುರ್ಚಿಗಿ ಹಿಡಿದ ಕೈ ಮತ್ತೆ ಸೀಮೆಸುಣ್ಣ ಹಿಡಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪಾಠದ ಟಿಪ್ಪಣಿಯಲ್ಲಿ ಮೂರು ಕೆಲಸಗಳಿದ್ದವು. ಬಾಗಿಲು ತೆರೆಯುವುದು, ಹಲಗೆಯ ಮೇಲೆ ಬರೆಯುವುದು, ನೀರು ಕುಡಿಯುವುದು. ಮೂರನೆಯದನ್ನು ಮಾಸ್ತರರೇ ತಮ್ಮ ಕೈಯಾರೆ ಸೇರಿಸಿದ್ದರು. ಪಾಠ ನಡೆಯಬೇಕಾದದ್ದು ಮಾನ್ವಿಯ ಒಂದು ಶಾಲೆಯಲ್ಲಿ. ಸೂಗಮ್ಮ ಅಲ್ಲಿ ಮೂರು ವಾರ ಅಭ್ಯಾಸ ಪಾಠ ಮಾಡಿದವಳು. ಐದನೇ ತರಗತಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಮಣ್ಣಿನ ಕೊಡವೊಂದಿತ್ತು, ಅದರ ಮೇಲೆ ಮುಚ್ಚಳ ಮತ್ತು ಲೋಟ. ಮಕ್ಕಳು ತಾವೇ ಅದ್ದಿ ಕುಡಿಯುತ್ತಿದ್ದರು, ಬಾಗಿಲ ಹತ್ತಿರದ ಸಾಲಿನ ಐದು ಮಕ್ಕಳನ್ನು ಬಿಟ್ಟು. ಆ ಐವರು ನೀರಡಿಸಿದರೆ ಮನೆಗೆ ಓಡಿಹೋಗಿ ಬರುತ್ತಿದ್ದರು. ಹಾಗೆ ಮಾಡಿರೆಂದು ಯಾರೂ ಅವರಿಗೆ ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಅವಳಿಗೂ ಚಿಕ್ಕಂದಿನಲ್ಲಿ ಯಾರೂ ಹೇಳಿರಲಿಲ್ಲ. ಅವಳೂ ಬೊಗಸೆ ಒಡ್ಡಿ, ಮೇಲಿನಿಂದ ಹಾಕಿದ್ದನ್ನು ಕುಡಿದೇ ಬೆಳೆದವಳು.

ನೀರಿನ ಬದಲು ಬೇರೇನಾದರೂ ಹಾಕಿಕೊಡಿರೆಂದು ಅವಳು ಮಾಸ್ತರರನ್ನು ಕೇಳಿದಳು. ಕಾರಣ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ತಿಳಿಯಿತು.

"ಅದೆಲ್ಲಾ ಈಗ ಎಲ್ಲ್ಯದವಾ?" ಎಂದರು. "ಕಾಲ ಎಲ್ಲಿಗೋ ಬಂತು, ನೀ ಇನ್ನಾ ಅಲ್ಲೇ ನಿಂತೀದಿ."

ಅವರು ಆ ಮಾತನ್ನು ಮನಸಾರೆ ಹೇಳಿದರು, ಅದರಲ್ಲಿ ಎರಡು ಮಾತಿಲ್ಲ. ಕೇರಿಯಿಂದ ಬಂದವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಕಲಿಸಿದವರು. ತಾವು ಮಾತ್ರ ಮನೆಯಾಚೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅದು ತಮ್ಮ ವ್ರತ ಎನ್ನುತ್ತಿದ್ದರು, ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಸೂಗಮ್ಮನಿಗೆ ಅವರ ಮಾತು ನಿಜವಾಗಲಿ ಎಂದು ಬಹಳ ಆಸೆಯಿತ್ತು. ಆಸೆಯಿದ್ದವರನ್ನು ಒಪ್ಪಿಸುವುದು ಸುಲಭ. ಮಾಸ್ತರರು ಟಿಪ್ಪಣಿಗೆ ಸಹಿ ಹಾಕಿದರು.

ಆದರೂ ಅವಳು ಒಂದು ಕಳ್ಳದಾರಿ ಇಟ್ಟುಕೊಂಡಿದ್ದಳು. ಪಾಠದ ದಿನ ಹಾಸ್ಟೆಲಿನಿಂದ ತನ್ನದೇ ಸ್ಟೀಲಿನ ಲೋಟ ಚೀಲದಲ್ಲಿ ತಂದಳು. ಹಿಂದಿನ ಬೆಂಚಿನ ಮೇಲೆ ಮೂವರು ಕೂತಿದ್ದರು: ಹೊರಗಿನಿಂದ ಬಂದ ಪರೀಕ್ಷಕ ವಿರೂಪಣ್ಣ, ಶಾಲೆಯ ಹೆಡ್ ಮೇಡಮ್ ವಿಜಯಾಬಾಯಿ, ಶೇಷಗಿರಿ ಮಾಸ್ತರರು. ಬಾಗಿಲು ತೆರೆದಳು, ಹಲಗೆಯ ಮೇಲೆ ಬರೆದಳು, ಎರಡೂ ಸಲ ಸರಿಯಾದ ಗಳಿಗೆಗೆ 'ನೌ' ಅಂದಳು. ಮಕ್ಕಳು ಗಿಳಿಗಳ ಹಾಗೆ ಹಿಂದೆ ಹೇಳಿದರು. ಮೂರನೆಯದಕ್ಕೆ ಖಾಲಿ ಲೋಟವನ್ನು ಬಾಯಿಗೆ ಎತ್ತಿ, "ಐ ಆ್ಯಮ್ ಡ್ರಿಂಕಿಂಗ್ ವಾಟರ್ ನೌ" ಎಂದಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ಲೋಟದಾಗ ನೀರs ಇಲ್ರೀ."

ತರಗತಿಯೆಲ್ಲ ನಕ್ಕಿತು. ವಿರೂಪಣ್ಣನವರ ಪೆನ್ಸಿಲ್ ನಿಂತಿತು. ಸೂಗಮ್ಮ ಮಾಸ್ತರರ ಕಡೆ ನೋಡಿದಳು. ಅವರು ಕೊಡದ ಕಡೆ ಗೋಣು ಹೊರಳಿಸಿ, ಹೋಗು ಎಂದು ಸನ್ನೆ ಮಾಡಿದರು.

ಹೋದಳು. ಮುಚ್ಚಳ ತೆಗೆದಳು, ಲೋಟ ಅದ್ದಿದಳು. ಕುಡಿಯುತ್ತ ಮಾತಾಡುವುದು ಹೇಗೆಂದು ಯಾವ ಪದ್ಧತಿಯಲ್ಲೂ ಬರೆದಿಲ್ಲ. ಒಂದು ಗುಟುಕು ಇಳಿಸಿ, ಲೋಟವನ್ನು ತುಟಿಯಲ್ಲೇ ಇಟ್ಟುಕೊಂಡು ವಾಕ್ಯ ಹೇಳಿ, ಇನ್ನೊಂದು ಗುಟುಕು ಇಳಿಸಿದಳು. ನಾನೀಗ ಏನು ಮಾಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ನಲವತ್ತು ಗಂಟಲು ಒಟ್ಟಿಗೆ ಉತ್ತರ ಕೊಟ್ಟವು. ಪದ್ಧತಿಯ ಪ್ರಕಾರ ಮುಂದೆ ಮಕ್ಕಳೂ ಮಾಡಬೇಕು. ಅವಳು ಬಾಗಿಲ ಸಾಲಿನ ಒಂದು ಹುಡುಗಿಯನ್ನೇ ಕರೆದಳು. ಆ ಮಗು ಅದ್ದಿ, ಕುಡಿದು, ಒಂದು ಶಬ್ದವೂ ತಪ್ಪದೆ ವಾಕ್ಯ ಹೇಳಿತು. ಸೂಗಮ್ಮನಿಗೆ ಎದೆ ತುಂಬಿ ಬಂತು. ತಾನು ಟೀಚರ್ ಆಗೇಬಿಟ್ಟೆ ಎಂದು ಅನಿಸಿದ್ದು ಆಗಲೇ. ವಿರೂಪಣ್ಣನವರು ಪೆನ್ಸಿಲಿನಲ್ಲಿ ಐವತ್ತಕ್ಕೆ ನಲವತ್ತೊಂದು ಬರೆದರು.

ಗಂಟೆ ಬಾರಿಸಿದ ಮೇಲೆ ಜವಾನ ಹನುಮಂತ್ರಾಯ ಬಂದ. ಯಾರ ಮುಖವನ್ನೂ ನೋಡದೆ ಕೊಡ ಎತ್ತಿಕೊಂಡು ಹೋಗಿ, ನೀರನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಕೊಡವನ್ನು ಅಲ್ಲೇ ಬೋರಲು ಹಾಕಿದ.

ವಿಜಯಾಬಾಯಿ ಮಾಸ್ತರರನ್ನೂ ಪರೀಕ್ಷಕರನ್ನೂ ತಮ್ಮ ಕೋಣೆಗೆ ಕರೆದರು. ಸೂಗಮ್ಮ ಹೊರಗೆ ಗೋಡೆಗೆ ಆತು ನಿಂತಿದ್ದಳು, ಎಲ್ಲವೂ ಕೇಳುತ್ತಿತ್ತು. ಹೆಡ್ ಮೇಡಮ್ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರ ದನಿ ಅಳುವಂತಿತ್ತು. "ನೀವು ಸಂಜಿ ಬಸ್ಸಿಗೆ ಹೋಗವ್ರು, ಸರ್. ನಾಳೆ ಮುಂಜಾನೆ ಮಕ್ಕಳ ತಂದಿ-ತಾಯಿ ಬಂದು ನಿಲ್ಲೂದು ನನ್ನ ಬಾಗಲಾಗ," ಎಂದರು. ಅರ್ಜಿ ಮೇಲಿನವರಿಗೆ ಹೋದರೆ ಪಾಠವೇ ರದ್ದಾಗುತ್ತದೆ, ಹುಡುಗಿಯ ವರ್ಷ ಹಾಳಾಗುತ್ತದೆ ಎಂದೂ ಹೇಳಿದರು. ಟಿಪ್ಪಣಿಯಲ್ಲಿ ನೀರಿನ ಮಾತೇ ಇಲ್ಲದಿದ್ದರೆ, ಕೇಳಲು ಬಂದವರಿಗೆ ಕಾಗದ ತೋರಿಸಿ ಕಳಿಸಬಹುದು. ಮಕ್ಕಳು ಏನೋ ಹೇಳುತ್ತಾರೆ, ಬಿಡಿ ಎನ್ನಬಹುದು. ವಿರೂಪಣ್ಣನವರು ನಿಯಮದ ಮನುಷ್ಯ. ಟಿಪ್ಪಣಿಯಲ್ಲಿ ಏನಿದೆಯೋ ಅದಕ್ಕೆ ತಮ್ಮ ಸಹಿ, ಉಳಿದದ್ದು ತಮಗೆ ಸಂಬಂಧವಿಲ್ಲ ಎಂದರು.

ಮಾಸ್ತರರು ಹೊರಗೆ ಬಂದರು. ಕೈಯಲ್ಲಿ ಒಂದು ಖಾಲಿ ಹಾಳೆ. "ಮೂರನೇದ್ದು ಕಿಟಕಿ ತೆಗಿಯೂದು ಅಂತ ಬರದು ಕೊಡವಾ. ಸದ್ಯಕ್ಕ."

"ಕುಡಿದೀನಲ್ರೀ ಸರ್," ಎಂದಳು ಸೂಗಮ್ಮ.

"ಕುಡಿದಿದ್ದು ನನಗೂ ಗೊತ್ತದ. ಆದ್ರ ಸರ್ಟಿಫಿಕೇಟ್ ಕಾಗದ ನೋಡಿ ಕೊಡ್ತಾರ." ಅವರು ಅವಳ ಮುಖ ನೋಡಲಿಲ್ಲ. ಜೇಬಿನಿಂದ ತಮ್ಮ ಪೆನ್ನು ತೆಗೆದು ಹಾಳೆಯ ಮೇಲಿಟ್ಟರು.

ಅವಳು ಪಡಸಾಲೆಯಲ್ಲಿ ಕೂತು ಬರೆದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ ಬಂತು, ಕೈಗೇನು ಗೊತ್ತು. ಐದನೇ ತರಗತಿಯ ಆ ಕೋಣೆಯ ಕಿಟಕಿಗೆ ಬಾಗಿಲೇ ಇರಲಿಲ್ಲ, ನಾಲ್ಕು ಸರಳಷ್ಟೇ. ಇಲ್ಲದ ಬಾಗಿಲನ್ನು ಸೂಗಮ್ಮ ಇಂಗ್ಲಿಷಿನಲ್ಲಿ ತೆರೆದಳು, ಮಾಸ್ತರರು ಸಹಿ ಹಾಕಿದರು, ವಿರೂಪಣ್ಣನವರು ಪೆನ್ಸಿಲಿನ ನಲವತ್ತೊಂದನ್ನೇ ಮಸಿಯಲ್ಲಿ ತಿದ್ದಿದರು. ಹಳೆಯ ಹಾಳೆ ಎಲ್ಲಿ ಹೋಯಿತೋ ಅವಳು ಕೇಳಲಿಲ್ಲ. ಅವಮಾನ ತನ್ನದೋ ಅವರದೋ ಎಂದು ಬಸ್ಸಿನಲ್ಲಿ ರಾಯಚೂರು ಮುಟ್ಟುವವರೆಗೂ ಯೋಚಿಸಿದಳು. ಬಗೆಹರಿಯಲಿಲ್ಲ.

ಶನಿವಾರ ದೇವದುರ್ಗದ ಬಸ್ಸು ಹಿಡಿದು ಊರಿಗೆ ಹೋದಳು. ಯಮನಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದಳು, ಪಾಸೋ ಇಲ್ಲವೋ ಎಂದು. ನಲವತ್ತೊಂದು ಅಂದಾಗ ಹಿಟ್ಟಿನ ಕೈಯಲ್ಲೇ ಮಗಳ ಗಲ್ಲ ಹಿಡಿದಳು. ಆಮೇಲೆ, ತಾಯಂದಿರು ಕೇಳುವುದನ್ನು ಕೇಳಿದಳು.

"ಅಂಥ ಬಿಸಲಾಗ ಅಷ್ಟೊತ್ತು ನಿಂತು ಮಾತಾಡೀದಿ. ನೀರು ಯಾರು ಹಾಕಿದ್ರು?"

"ಯಾರೂ ಹಾಕಲಿಲ್ಲ ಯವ್ವಾ. ಸಾಲ್ಯಾಗಿನ ಕೊಡ ಇತ್ತು. ನಾನs ಅದ್ದಿ ಕುಡಿದೆ."

ಯಮನಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. "ಯಾರೂ ಏನೂ ಅನ್ನಲಿಲ್ಲ?"

"ಇಲ್ಲ," ಎಂದಳು ಸೂಗಮ್ಮ. ಕಾಗದದಲ್ಲೂ ಹಾಗೇ ಇತ್ತಲ್ಲ.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಯಮನಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಉಂಡ ಶಾಸ್ತ್ರ ಮಾಡಿ ಪಕ್ಕದ ಮನೆಗೆ ಹೋದಳು, ಅಲ್ಲಿಂದ ಅದರ ಪಕ್ಕದ ಮನೆಗೆ. ಮೂರನೇ ಮನೆ ಮುಟ್ಟುವ ಹೊತ್ತಿಗೆ ಅವಳ ಕಥೆಯಲ್ಲಿ ಹೆಡ್ ಮೇಡಮ್ ತಾವೇ ಲೋಟ ತುಂಬಿ, ಕುಡಿಯವ್ವಾ ಎಂದು ಕೊಟ್ಟಿದ್ದರು. ಗೋಡೆಯಾಚೆಯಿಂದ ಸೂಗಮ್ಮನಿಗೆ ಕೇಳುತ್ತಿತ್ತು. ಎದ್ದು ಹೋಗಿ ಸುಳ್ಳು ಎನ್ನಬೇಕೆಂದುಕೊಂಡಳು. ಅವ್ವ ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಹಾಗೇ ಕೂತಳು.

ಹೊತ್ತು ಇಳಿಯುವಾಗ ಯಮನಮ್ಮ ಕೊಡ ತೆಗೆದುಕೊಂಡು ಹೊರಟಳು. ಸೂಗಮ್ಮ ಕಣ್ಣೆತ್ತಿ ನೋಡಿದರೆ ತಾಯಿಯ ಹೆಗಲ ಮೇಲೆ ಹಗ್ಗವಿತ್ತು. ನೀರು ಸೇದದವರ ಮನೆಯಲ್ಲಿ ಸೇದುವ ಹಗ್ಗ ಎಲ್ಲಿಂದ ಬರಬೇಕು? ಯಾರದೋ ಎಮ್ಮೆ ಕಟ್ಟುವ ಹಗ್ಗ ಎರವಲು ತಂದಿದ್ದಳು. ಊರ ಬಾವಿಯಿಂದ ಹತ್ತು ಮಾರು ಈಚೆ ಕೊಡ ಇಟ್ಟುಕೊಂಡು ಕೂತು, ಸೇದುವವರು ಹಾಕಿದಾಗ ತುಂಬಿಸಿಕೊಂಡು ಬರುವುದು ಕೇರಿಯವರ ರೂಢಿ. ಯಮನಮ್ಮನ ಇಡೀ ಬಾಳು ಹಾಗೇ ನಡೆದಿತ್ತು.

"ಮಾನ್ವ್ಯಾಗ ಈಗ ಹಂಗಿಲ್ಲ ಅಂದ ಮ್ಯಾಲೆ ಇಲ್ಲೂ ಇರಬಾರದು," ಎಂದು ಹೇಳಿ ಅಂಗಳ ದಾಟಿದಳು.

ಬಾವಿಯ ಕಟ್ಟೆಯ ಮೇಲೆ ಯಾರು ಕೂತಿರುತ್ತಾರೆ, ಕೈಯಲ್ಲಿ ಏನಿರುತ್ತದೆ ಎಂಬುದು ಸೂಗಮ್ಮನಿಗೆ ಗೊತ್ತು. ಓಡಿಹೋಗಿ ದಾರಿಯಲ್ಲಿ ತಾಯಿಯ ಸೆರಗು ಹಿಡಿದು ನಿಲ್ಲಿಸಿದಳು. ಕೊಡ ಬೋರಲು ಹಾಕಿದ್ದು, ಖಾಲಿ ಹಾಳೆ, ಬಾಗಿಲಿಲ್ಲದ ಕಿಟಕಿ, ಎಲ್ಲವನ್ನೂ ಹೇಳಿದಳು. ವರ್ಷ ಹಾಳಾಗುತ್ತಿತ್ತು, ನಿನ್ನ ಸಲುವಾಗಿಯೇ ಬರೆದುಕೊಟ್ಟೆ ಎಂದೂ ಹೇಳಿದಳು.

ಯಮನಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೂಗಮ್ಮ ತಡೆದುಕೊಳ್ಳುತ್ತಿದ್ದಳು.

"ನನಗ ಓದಾಕ ಬರಂಗಿಲ್ಲ," ಎಂದಳು ಯಮನಮ್ಮ. "ಅವರು ಎಲ್ಲಿ ಒತ್ತು ಅಂದ್ರ ಅಲ್ಲಿ ಹೆಬ್ಬೆಟ್ಟು ಒತ್ತಿಕೋತ ಬಂದೀನಿ. ನೀ ಒತ್ತಬಾರದು ಅಂತ ಓದಿಸಿದ್ದೆ, ಮಗಳ."

ಹಗ್ಗವನ್ನು ಸೂಗಮ್ಮನ ಕೈಗೆ ಕೊಟ್ಟು ಮುಂದೆ ನಡೆದಳು. ಬಾವಿಯಿಂದ ಹತ್ತು ಮಾರು ಈಚೆ, ತನ್ನ ದಿನದ ಜಾಗದಲ್ಲಿ ಕೊಡ ಇಟ್ಟು, ಸೇದುವವರು ಯಾರಾದರೂ ಬರಲೆಂದು ಕೂತಳು.