ಮೂರನೆಯ ಕಿವಿಯ ಪಕ್ಕದಲ್ಲಿ

ಕಿರ್ರ್ ಅಂತು ಸ್ಕ್ರೂ, ಅಮ್ಮನ ಗಿಟಾರ್ ಕಾರ್ಖಾನೆಯಲ್ಲಿ ಗಾಜು ಹಿಡಿದು ತಪ್ಪು ಹುಡುಕುತ್ತಿದ್ದ ಇನ್‌ಸ್ಪೆಕ್ಟರಿಗೆ ಭೂತಗನ್ನಡಿ ಅಂತ ಅಡ್ಡಹೆಸರು, ಮಾತಾಡುವ ಮುಂಚೆ ಅವನ ಗಂಟಲೂ ಹೀಗೇ ಅನ್ನುತ್ತಿತ್ತು, ಕಿರ್ರ್, ಆಮೇಲೆ ಮೂಗಿನಿಂದ ಮಾತು, ಏನಮ್ಮಾ ಇದು, ಕೈಯಲ್ಲಿ ಮಾಡಿದ್ದೋ ಕಾಲಲ್ಲಿ ಮಾಡಿದ್ದೋ — ಶ್, ಮೆಲ್ಲಗೆ, ಒಳಕೋಣೆಯಲ್ಲಿ ಅಮ್ಮ ಮಲಗಿದ್ದಾಳೆ, ಊಟದ ಮೇಲಿನ ಜೊಂಪು, ಅವಳು ಏಳುವಷ್ಟರಲ್ಲಿ ಗಿಟಾರ್ ಮಂಚದ ಪಕ್ಕ ವಾಪಸ್ ನಿಂತಿರಬೇಕು, ಇಲ್ಲದಿದ್ದರೆ ಗೋಡೆ ತಡವುತ್ತಾ ಮನೆಯೆಲ್ಲ ಹುಡುಕುತ್ತಾಳೆ, ಏನನ್ನು ಹುಡುಕುತ್ತಿದ್ದೇನೆ ಅನ್ನುವುದೂ ನಡುದಾರಿಯಲ್ಲಿ ಮರೆತು ಅಡುಗೆಮನೆಯ ಮೂಲೆಯಲ್ಲಿ ನಿಂತು ಅಳುತ್ತಾಳೆ — ಮಗ ಸ್ಕ್ರೂಡ್ರೈವರನ್ನು ನೆಟ್ಟಗೆ ಹಿಡಿದ, ಒತ್ತು ಜಾಸ್ತಿ, ತಿರುವು ಕಮ್ಮಿ, ಜಾರಿದರೆ ಗೀರು, ಗೀರು ಬಿದ್ದರೆ ಅಮ್ಮನ ಕೈಗೆ ತಕ್ಷಣ ತಿಳಿಯುತ್ತದೆ, ಆ ಕೈಗೆ ಈಗ ಕಣ್ಣಿಗಿಂತ, ತಲೆಗಿಂತ ಹೆಚ್ಚು ತಿಳಿಯುತ್ತದೆ. ಗಿಟಾರಿನ ತಲೆ ಅವನ ತೊಡೆಯ ಮೇಲೆ, ಮಡಿಸಿದ ಟವೆಲಿನ ಮೇಲೆ, ಹೇನು ನೋಡಿಸಿಕೊಳ್ಳುವ ಮಗುವಿನ ಹಾಗೆ, ಅದರ ಎರಡೂ ಕಡೆ ಮೂರು ಮೂರು ಕಿವಿ — ತಂತಿ ಬಿಗಿಯುವ ಆ ತಿರುಗಣೆಗೆ ಕಾರ್ಖಾನೆಯ ಹೆಂಗಸರು ಇಟ್ಟ ಹೆಸರು ಅದೇ, ಕಿವಿ, ಹಿಂಡಿದರೆ ಸರಿಯಾಗಿ ಹಾಡ್ತಾನೆ ನೋಡೋ, ನಿನ್ನ ಹಾಗೇ, ಅಂತ ಅಮ್ಮ ಅವನ ಕಿವಿಯನ್ನೂ ಹಿಂಡುತ್ತಿದ್ದಳು — ಆರು ಕಿವಿಗೆ ಬಿದ್ದ ಗುಟ್ಟು ಉಳಿಯುವುದಿಲ್ಲವಂತೆ, ಈ ಆರು ಕಿವಿಗಳು ಮಾತ್ರ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ, ಇವಕ್ಕೆ ಬಾಯಿಯೇ ಇಲ್ಲ ಬಿಡು, ಇದ್ದ ಬಾಯನ್ನೆಲ್ಲ ದೇವರು ನನಗೇ ಕೊಟ್ಟುಬಿಟ್ಟ.

ಮೂರನೆಯ ಕಿವಿ ಮುರಿದದ್ದು ಮೊನ್ನೆ. ಅಮ್ಮ ದಿನವಿಡೀ ಅದನ್ನೇ ತಿರುಗಿಸುತ್ತಾ ಕೂರುತ್ತಾಳೆ, ತಂತಿಗಳನ್ನು ಎಂದೋ ತೆಗೆದಿಟ್ಟಾಗಿದೆ, ಆದರೂ ತಿರುಗಿಸುತ್ತಾಳೆ, ಹಳೆಯ ಪ್ಲಾಸ್ಟಿಕ್ಕು ಪಟ್ ಅಂತ ಮುರಿದು ಉಳಿದ ಮೊಂಡು ಬ್ಲೇಡಿನಂತೆ ಬೆರಳು ಕೊಯ್ದಿತು, ಸೀರೆ ತುಂಬ ರಕ್ತ, ಗಿಟಾರ್ ಬಿಡು ಅಂದರೆ ಬಿಡಲಿಲ್ಲ, ಕೊನೆಗೆ ಅವನು ಅಪ್ಪನ ದನಿಯಲ್ಲಿ, ಲೇ, ಇಲ್ಲಿ ಕೊಡೇ, ನಾನು ನೋಡ್ತೀನಿ, ಅಂದಮೇಲೆ ಕೊಟ್ಟಳು. ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಈ ಮನೆಯಲ್ಲಿ ಮಾತ್ರ ಅವನಿಗೆ ಪುರುಸೊತ್ತಿಲ್ಲ, ಮಾತ್ರೆ ನುಂಗಿಸಲು ಅಪ್ಪ ಬರಬೇಕು, ಸ್ನಾನಕ್ಕೆ ಏಳಿಸಲು ಚಿಕ್ಕಮ್ಮ ಬರಬೇಕು, ಅಕ್ಕಾ ನೀರು ಕಾದಿದೆ ಬಾರೇ, ರಾತ್ರಿ ಹಟ ಮಾಡಿದರೆ ಸಾಕ್ಷಾತ್ ಭೂತಗನ್ನಡಿಯೇ ಬರಬೇಕು, ಲೈಟ್ ಆಫ್ ಮಾಡಮ್ಮಾ ಶಿಫ್ಟ್ ಮುಗೀತು. ಎಲ್ಲರಿಗೂ ಒಂದೊಂದು ದನಿ, ಎಲ್ಲವೂ ಅವನ ಒಂದೇ ಗಂಟಲಿನಿಂದ, ಅವನದೇ ದನಿಯಲ್ಲಿ ಅಮ್ಮಾ ಅಂದರೆ ಮಾತ್ರ ಅವಳು ಬಾಗಿಲ ಕಡೆ ನೋಡುತ್ತಾಳೆ, ಹೊರಗೆ ಯಾರೋ ಕರೆಯುತ್ತಿದ್ದಾರೆ ಅನ್ನುವ ಹಾಗೆ. ಹೊಸ ಕಿವಿಗಳು ಲೋಹದವು, ತುದಿ ದುಂಡಗೆ, ಕೊಯ್ಯುವುದಿಲ್ಲ, ಕೊನೆಯ ಹಳೆ ಸ್ಕ್ರೂ ಬಂತು, ಇನ್ನು ಮುಂದುಗಡೆ ಕಿವಿಯ ತೂತುಗಳ ಬಾಯಿಗೆ ಕೂರಿಸಿದ ಲೋಹದ ಬಳೆಗಳು, ಇವನ್ನು ಎಳೆದು ಕೀಳಬಾರದು, ವಾರ್ನಿಷ್ ಬಳೆಯನ್ನೂ ಮರವನ್ನೂ ಸೇರಿಸಿ ಹಿಡಿದುಕೊಂಡಿರುತ್ತದೆ, ಕಿತ್ತರೆ ಸಿಪ್ಪೆ ಸಮೇತ ಬರುತ್ತದೆ, ಮೊದಲು ಬಳೆಯ ಸುತ್ತ ಬ್ಲೇಡಿನ ತುದಿಯಿಂದ ಕೂದಲಿನಷ್ಟು ಗೆರೆ, ಆಮೇಲೆ ಬೆಸುಗೆ ಕಡ್ಡಿಯಿಂದ ಬಳೆಗೆ ಚೂರು ಬಿಸಿ, ಆಮೇಲೆ ಹಿಂದಿನಿಂದ ಮರದ ಕಡ್ಡಿಯಲ್ಲಿ ತಳ್ಳು, ಮೆಲ್ಲಗೆ ಕಣೋ, ಹೆರಿಗೆ ಮಾಡಿಸ್ತಿದ್ದೀಯ ಅಂದ್ಕೋ — ಅದು ಅಮ್ಮನ ದನಿ, ಕಾರ್ಖಾನೆಯ ಅಮ್ಮ, ಬೆರಳುಗಳಿಗೆ ಸದಾ ವಾರ್ನಿಷ್ ವಾಸನೆಯಿದ್ದ, ಅನ್ನದ ತುತ್ತಿನಲ್ಲೂ ಅದೇ ವಾಸನೆ ಬಂದ ಅಮ್ಮ. ಒಂದು ಬಳೆ ಬಂತು, ಇನ್ನೊಂದು ಬಂತು, ಮೂರನೆಯದರ ಹತ್ತಿರ ಅವನ ಕೈ ನಿಂತಿತು, ಅಲ್ಲೇ ಇದೆ ಅದು, ಬೆಳಕಿಗೆ ಓರೆ ಮಾಡಿದರೆ ಕಾಣುತ್ತದೆ, ಜೇನು ಬಣ್ಣದ ಹೊಳಪಿನೊಳಗೆ ಒಂದು ಹೆಬ್ಬೆರಳಿನ ಗುಳಿ, ಗುಳಿಯೊಳಗೆ ಸುತ್ತು ಸುತ್ತು ಗೆರೆ, ನೀರಿಗೆ ಕಲ್ಲು ಬಿದ್ದ ಕ್ಷಣವನ್ನು ಯಾರೋ ಗಟ್ಟಿ ಮಾಡಿಟ್ಟ ಹಾಗೆ.

ಯಾರೋ ಏನು, ಅವನೇ. ಚಿಕ್ಕವನಿದ್ದಾಗ ಶಾಲೆ ಬಿಟ್ಟೊಡನೆ ನೇರ ಕಾರ್ಖಾನೆಗೆ ಬರುತ್ತಿದ್ದ, ಪಾಲಿಶ್ ಕೋಣೆಯ ಹೆಂಗಸರೆಲ್ಲ, ಮಾಡೋ, ಭೂತಗನ್ನಡಿ ಹಾಗೆ ಮಾಡೋ, ಅಂತ ಪುಸಲಾಯಿಸುತ್ತಿದ್ದರು, ಅವತ್ತು ಅಮ್ಮ ಕೊನೆಯ ಪದರ ಹಚ್ಚಿ ಗಿಟಾರಿನ ತಲೆಯನ್ನು ಬೆಳಕಿಗೆ ಎತ್ತಿ ನೋಡುತ್ತಿದ್ದಳು, ಉಸಿರು ಸಹ ಬಿಗಿಹಿಡಿದಿದ್ದಳು, ಇವನು ಬೆಕ್ಕಿನಂತೆ ಹಿಂದೆ ಬಂದು, ಕಿರ್ರ್, ಏನಮ್ಮಾ ಇದು, ಕೈಯಲ್ಲಿ ಮಾಡಿದ್ದೋ ಕಾಲಲ್ಲಿ — ಅಮ್ಮ ಬೆಚ್ಚಿದಳು, ಗಿಟಾರ್ ಜಾರಿತು, ಹಿಡಿದುಕೊಂಡಳು, ಹೆಬ್ಬೆರಳು ಹಸಿ ವಾರ್ನಿಷಿನಲ್ಲಿ ಹೂತಿತು, ತಿರುಗಿ ನೋಡಿದಳು, ಥೂ ಮಂಗ, ನೀನಾ, ಅಂದಳು, ಅಷ್ಟೇ, ನಕ್ಕೂಬಿಟ್ಟಳು. ನಿಜವಾದ ಭೂತಗನ್ನಡಿ ನಗಲಿಲ್ಲ, ಅವನ ಕೈಯ ಗಾಜಿನಲ್ಲಿ ಆ ಗುಳಿ ಬಾವಿಯಷ್ಟು ಕಂಡಿತು, ಫೇಲು, ಅಂದ, ಮನೆಗೆ ತಗೊಂಡ್ಹೋಗಿ ಒಲೆಗೆ ಹಾಕಮ್ಮಾ. ಫೇಲಾದ ಎರಡು ಜೀವಗಳು ನಮ್ಮನೇಲಿ, ಒಂದು ಗಿಟಾರು, ಇನ್ನೊಂದು ಇವನು, ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ, ನಾಲ್ಕನೇ ಕ್ಲಾಸಿನಲ್ಲಿ ಇವನು ಲೆಕ್ಕದಲ್ಲಿ ಫೇಲಾದದ್ದನ್ನು ಅಪ್ಪ ಮರೆಯಲೇ ಇಲ್ಲ. ಈಗ ಅಮ್ಮನಿಗೆ ಲೆಕ್ಕವಿಲ್ಲ, ಕಾರ್ಖಾನೆಯಿಲ್ಲ, ಅಪ್ಪ ಸತ್ತದ್ದಿಲ್ಲ, ಮಗ ಹುಟ್ಟಿದ್ದಿಲ್ಲ, ಆದರೆ ಕಿವಿ ತಿರುಗಿಸುತ್ತಾ ತಿರುಗಿಸುತ್ತಾ ಹೆಬ್ಬೆರಳು ಒಮ್ಮೊಮ್ಮೆ ಜಾರಿ ಆ ಗುಳಿಯೊಳಗೆ ಕೂರುತ್ತದೆ, ತನ್ನ ಜಾಗಕ್ಕೆ ತಾನೇ ಬಂದ ಹಾಗೆ, ಆಗ ಅವಳ ಮುಖ ತಿರುಗುತ್ತದೆ, ಕಣ್ಣು ಎಲ್ಲಿಂದಲೋ ವಾಪಸ್ ಬರುತ್ತದೆ, ಥೂ ಮಂಗ, ನೀನಾ, ಅನ್ನುತ್ತಾಳೆ, ಕಡ್ಡಿ ಗೀರಿದಷ್ಟು ಹೊತ್ತು, ಆರಿಹೋಗುತ್ತದೆ, ಮತ್ತೆ ಬಾಗಿಲ ಕಡೆ ನೋಟ. ಆ ಒಂದು ಬೈಗುಳಕ್ಕೆ ಅವನು ದಿನವಿಡೀ ಅವಳ ಎದುರು ಕೂರುತ್ತಾನೆ.

ಅದಕ್ಕೇ ಟೇಪು. ಹೊಸ ಕಿವಿಗಳಿಗೆ ಮುಂದುಗಡೆ ನಟ್ಟು ಬಿಗಿಯಬೇಕು, ಸ್ಪ್ಯಾನರ್ ತಪ್ಪಿದರೆ ನೇರ ಗುಳಿಗೇ ಏಟು, ಅದಕ್ಕೇ ಅಮ್ಮ ಮಲಗಿದ್ದೇ ಮಾಡಿದ ಮೊದಲ ಕೆಲಸ ತಲೆಗೆಲ್ಲ ಟೇಪಿನ ಪಟ್ಟಿ, ಅಮ್ಮ ಹೇಳಿಕೊಟ್ಟ ಹಾಗೆಯೇ, ಮೊದಲು ನಿನ್ನ ಪ್ಯಾಂಟಿಗೆ ಅಂಟಿಸಿ ಕಿತ್ತುಕೋ, ಅಂಟು ಸ್ವಲ್ಪ ಸಾಯಲಿ, ಆಮೇಲೆ ವಾರ್ನಿಷಿಗೆ ಹಾಕು, ಹಳೇ ವಾರ್ನಿಷ್ ಅಂದ್ರೆ ಮುದುಕಿ ಚರ್ಮ ಕಣೋ. ಗುಳಿಯ ಪಟ್ಟಿಯನ್ನು ಮಾತ್ರ ಮೂರನೆಯ ಬಳೆಯ ಹತ್ತಿರ ಕೈ ನಿಂತಾಗ ಒಂದು ಗಳಿಗೆ ಎತ್ತಿ ನೋಡಿದ್ದ, ಇದೆಯಲ್ಲ ಅಂತ, ಈಗ ಮತ್ತೆ ಮುಚ್ಚಿದ, ಇದು ಎಲ್ಲಕ್ಕಿಂತ ಭದ್ರವಾಗಿರಲಿ, ಹೊಸ ಪಟ್ಟಿ, ಪ್ಯಾಂಟಿಗೆ ಹಚ್ಚದ್ದು, ಒಂದರ ಮೇಲೊಂದು, ಉಗುರಿನಿಂದ ತೀಡಿ ತೀಡಿ ಕೂರಿಸಿದ, ಅಲುಗಬಾರದು, ಯಾವ ಸ್ಪ್ಯಾನರ್ ಬಂದರೂ ಅಲುಗಬಾರದು. ಉಳಿದ ಬಳೆಗಳೂ ಬಂದವು, ಹಿಂದೆ ಹಳೆ ಸ್ಕ್ರೂ ತೂತುಗಳಿಗೆ ಗೋಂದು ಹಚ್ಚಿದ ಹಲ್ಲುಕಡ್ಡಿ ತುಂಬಿದ, ಹೊಸ ತೂತು ಕೊರೆದ, ಸ್ಕ್ರೂಗೆ ಸೋಪು ಸವರಿದ, ಒಂದೂ ಮುರಿಯಲಿಲ್ಲ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಕೊನೆಗೆ ಸ್ಪ್ಯಾನರಿನಲ್ಲಿ ಚೂರೇ ಚೂರು, ಒಂದು ಸಲವೂ ಜಾರಲಿಲ್ಲ, ಒಂದೇ ಒಂದು ಸಲವೂ, ನೋಡಮ್ಮಾ ಫೇಲಾದವನ ಕೆಲಸ, ಅಂತ ಗಾಳಿಗೆ ಹೇಳಿ ನಕ್ಕ. ಟೇಪು ಬಿಚ್ಚತೊಡಗಿದ, ಮೊದಲ ಪಟ್ಟಿ ಗರಿಯಷ್ಟು ಹಗುರ, ಎರಡನೆಯದೂ, ನಾಲ್ಕನೆಯದೂ, ಹೊಳಪು ಹೊಳಪಾಗಿಯೇ ಇದೆ, ಕೊನೆಗೆ ಗುಳಿಯ ಪಟ್ಟಿ, ಹಿಂದಕ್ಕೆ ಮಡಚಿ, ತಗ್ಗಿನಲ್ಲಿ, ನಿಧಾನ, ನಿಧಾನ — ಚಟ್. ಉಗುರು ಮುರಿದಷ್ಟು ಸದ್ದು. ಸ್ಕ್ರೂ ಇರಬೇಕು. ಕುರ್ಚಿ ಇರಬೇಕು. ಅವನು ಟೇಪು ತಿರುವಿ ನೋಡಲಿಲ್ಲ, ಮೊದಲು ಮರ ನೋಡಿದ, ಅಲ್ಲಿ ಗುಳಿಯಿಲ್ಲ, ಕೆಳಗಿನ ಪದರ, ಮಂಕಾಗಿ, ನುಣ್ಣಗೆ, ಒಂದು ಗೆರೆಯಿಲ್ಲದೆ, ಅವತ್ತು ಹಸಿಯಿದ್ದಾಗ ಒತ್ತಿದ ಆ ಪದರ ಕೆಳಗಿನದಕ್ಕೆ ಸರಿಯಾಗಿ ಕಚ್ಚಿಯೇ ಇರಲಿಲ್ಲ, ಇಷ್ಟು ವರ್ಷ ಸುಮ್ಮನೆ ಕೂತಿತ್ತು, ಅಷ್ಟೇ, ಯಾರೂ ಜೋರಾಗಿ ಹಿಡಿದುಕೊಳ್ಳದೆ ಇದ್ದದ್ದರಿಂದ ಉಳಿದಿತ್ತು — ಕಿರ್ರ್, ಹಾಂ, ಅಂದ ಭೂತಗನ್ನಡಿ, ಅವನ ಗಂಟಲಿನಿಂದಲೇ, ಅವನು ಕರೆಯದೆಯೇ, ಹಾಂ, ಈಗ ಪಾಸು.

ಮಂಚ ಸದ್ದು ಮಾಡಿತು. ಕಾಲು ಎಳೆಯುವ ಸದ್ದು, ಗೋಡೆ ತಡವುವ ಸದ್ದು, ಬಾಗಿಲಲ್ಲಿ ಅಮ್ಮ, ಕೊಯ್ದ ಬೆರಳಿಗೆ ಇನ್ನೂ ಬಟ್ಟೆಪಟ್ಟಿ, ಗಿಟಾರ್ ಕಂಡದ್ದೇ ಕೈ ಚಾಚುತ್ತಾಳೆ, ಮಕ್ಕಳು ಚಾಚಿದ ಹಾಗೆ, ಕೊಡದೆ ಹೇಗಿರುವುದು, ಕೊಟ್ಟ. ಕುರ್ಚಿಯಲ್ಲಿ ಕೂತು ಮಡಿಲಿಗಿಟ್ಟುಕೊಂಡಳು, ಹೊಸ ಕಿವಿ ತಿರುಗಿಸಿದಳು, ನಯವಾಗಿ ತಿರುಗಿತು, ಇನ್ನೊಮ್ಮೆ ತಿರುಗಿಸಿದಳು, ಹೆಬ್ಬೆರಳು ಜಾರಿತು, ಇಳಿಯಿತು, ಕೂರಲು ಹೋಯಿತು — ಕೂರಲಿಲ್ಲ. ಸುತ್ತಿತು. ಅಲ್ಲೇ ಸುತ್ತಿತು, ಮತ್ತೆ ಸುತ್ತಿತು, ಬದಲಾದ ಬೀದಿಯಲ್ಲಿ ಹಳೇ ಮನೆ ಹುಡುಕುವವರ ಹಾಗೆ. ಅವನು ಟೇಪನ್ನು ಅಂಗೈಯಲ್ಲಿ ಮುಚ್ಚಿಕೊಂಡ, ಅಂಟು ಚರ್ಮಕ್ಕೆ ಹತ್ತಿತು. ಅಮ್ಮ ತಲೆಯೆತ್ತಿ ಅವನನ್ನು ನೋಡಿದಳು, ಬಹಳ ಮರ್ಯಾದೆಯಿಂದ ನೋಡಿದಳು, ನೀವು ರಿಪೇರಿಯವರಾ, ಚೆನ್ನಾಗಿ ಮಾಡಿದ್ದೀರಿ, ಎಷ್ಟು ನುಣ್ಣಗಿದೆ, ಕೂತ್ಕೊಳ್ಳಿ ಪಾಪ, ಊಟ ಮಾಡ್ಕೊಂಡು ಹೋಗಿ, ನಿಮ್ಮನೇಲಿ ಯಾರ್ಯಾರಿದ್ದೀರಿ — ಅವನು ಬಾಯಿ ತೆರೆದ, ಅಪ್ಪ ಬಂದ ಗಂಟಲ ತುದಿಗೆ, ಚಿಕ್ಕಮ್ಮ ಬಂದಳು, ಭೂತಗನ್ನಡಿ ಬಂದ, ಸಾಲಾಗಿ ನಿಂತರು, ಅವರ ಹಿಂದೆ ಯಾರೂ ಇರಲಿಲ್ಲ, ನಮ್ಮನೇಲಿ, ನಮ್ಮನೇಲಿ, ಅಂದ ಯಾರದ್ದೋ ದನಿಯಲ್ಲಿ, ಅಂಗೈ ಬಿಚ್ಚಿ ನೋಡಿದ, ಅಂಟಿನ ಮೇಲೆ ತಲೆಕೆಳಗಾಗಿ, ಜೇನು ಬಣ್ಣದ ಒಂದು ಚಕ್ಕೆ, ಸುತ್ತು, ಸುತ್ತಿನೊಳಗೆ ಸುತ್ತು, ಅಮ್ಮನ ಹೆಬ್ಬೆರಳು