ಕೆಳಗಿನ ಸೆಟ್ಟು

ಪಕ್ಕದ ಸಾಲಿನ ಮನುಷ್ಯ ಆಕಳಿಸಿದ, ಮೇಲೆ ಎಡಗಡೆ ಎರಡು ಹಲ್ಲು ಕಟ್ಟಿಸಿದ್ದು, ಒಂದು ಹದ ಹೆಚ್ಚೇ ಬಿಳುಪು, ಯಾರು ಮಾಡಿದ್ದೋ, ನನ್ನ ಕೆಲಸವಲ್ಲ, ನಾನಾಗಿದ್ದರೆ ಚೂರು ಹಳದಿ ಬೆರೆಸುತ್ತಿದ್ದೆ, ಐವತ್ತು ದಾಟಿದವರ ಬಾಯಲ್ಲಿ ಅಷ್ಟು ಬಿಳಿ ಹಲ್ಲು ನಂಬುವ ಹಾಗಿರುವುದಿಲ್ಲ — ಪ್ರಾರ್ಥನೆಯ ಹೊತ್ತು, ಎಲ್ಲರೂ ಕಣ್ಣು ಮುಚ್ಚಿದ್ದಾರೆ, ನಾನೊಬ್ಬ ಜನರ ಬಾಯಿ ನೋಡುತ್ತ ಕೂತಿದ್ದೇನೆ, ಇಪ್ಪತ್ತಾರು ವರ್ಷದಿಂದ ಮಾಡಿದ್ದು ಅದೊಂದೇ, ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಯಾರದೆಂದೇ ಗೊತ್ತಿಲ್ಲದ ಬಾಯಿಗೆ ನಗು ಮಾಡಿ ಕಳಿಸುತ್ತೇನೆ, ಮುಖ ನೋಡುವ ಪ್ರಸಂಗವೇ ಇಲ್ಲ, ಅದೇ ನನಗೆ ಒಗ್ಗಿದ್ದು. ಅಕ್ಕ ಮೊಣಕೈಯಿಂದ ತಿವಿದಳು, ಕಣ್ಣು ಮುಚ್ಚೋ. ಮುಚ್ಚಿದೆ. ಮುಚ್ಚಿದರೆ ಅಮ್ಮ ಬರುತ್ತಾಳೆ, ಅದಕ್ಕೇ ತೆರೆದಿಟ್ಟಿದ್ದೆ. ಅವಳು ಹೋಗಿ ಮೊನ್ನೆ ಶುಕ್ರವಾರಕ್ಕೆ ನಾಲ್ಕು ವಾರ. ಇವತ್ತು ಅಮ್ಮನ ಹೆಸರಲ್ಲಿ ಪ್ರಾರ್ಥನೆ ಇಟ್ಟಿದ್ದಾರೆ ಕಣೋ, ನನ್ನನ್ನ ಚರ್ಚಿನ ಗೇಟಿನ ತನಕ ಬಿಡು ಸಾಕು, ಅಂದಿದ್ದಳು ಅಕ್ಕ, ಬಿಟ್ಟೆ, ಅವಳು ಸ್ಕೂಟರಿನಿಂದ ಇಳಿದು ಬ್ಯಾಗು ಹೆಗಲಿಗೇರಿಸಿ ತಿರುಗಿ ನೋಡದೆ ಒಳಗೆ ಹೋದಳು, ನಾನು ಗೇಟಿನ ಹತ್ತಿರ ಎಂಜಿನ್ ಆರಿಸದೆ ಕಾಯುತ್ತಿದ್ದೆ, ಯಾಕೆ ಕಾಯುತ್ತಿದ್ದೇನೆ ಅಂತ ಆಮೇಲೆ ಹೊಳೆಯಿತು, ಒಳಗೆ ಬರ್ತೀಯೇನೋ ಅಂತ ಯಾರೂ ಕೇಳಲಿಲ್ಲ. ಅದನ್ನು ತಡೆದುಕೊಳ್ಳಲಾಗಲಿಲ್ಲ. ಸ್ಕೂಟರ್ ನಿಲ್ಲಿಸಿ ಬಂದುಬಿಟ್ಟೆ.

ಹನ್ನೊಂದು ವರ್ಷವಾಗಿತ್ತು ಈ ಬೆಂಚಿಗೆ ಬೆನ್ನು ಕೊಟ್ಟು. ಅಪ್ಪ ಹೋದಾಗ ಬಿಟ್ಟಿದ್ದು, ಅಪ್ಪನ ಹಾಸಿಗೆಯ ಸುತ್ತ ಸಭೆಯವರು ಮೂರು ದಿನ ಪ್ರಾರ್ಥಿಸಿದರು, ನಾನೂ ಮೊಣಕಾಲ ಚಿಪ್ಪು ಕಿತ್ತುಬರುವಷ್ಟು ಹೊತ್ತು ಊರಿದೆ, ಅಪ್ಪ ಉಳಿಯಲಿಲ್ಲ, ಮಣ್ಣು ಮಾಡಿ ಬಂದು ಕೈ ತೊಳೆಯುವಾಗ ಸಭೆಯ ಹಿರಿಯರೊಬ್ಬರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸುತ್ತ, ನನ್ನ ಕಡೆಗೇ ನೋಡಿ, ಈ ಮನೇಲಿ ಯಾರಿಗೋ ನಂಬಿಕೆ ಕಮ್ಮಿ ಇತ್ತಪ್ಪ ಅಂದರು. ಅಷ್ಟೇ. ಆ ಹಿರಿಯರೂ ತೀರಿಕೊಂಡರು, ಅದಕ್ಕೆ ಮುಂಚೆ ಅವರ ಮೇಲಿನ ಕೆಳಗಿನ ಎರಡೂ ಹಲ್ಲಿನ ಸೆಟ್ಟು ಮಾಡಿಕೊಟ್ಟವನು ನಾನೇ, ಒಂದು ಹಲ್ಲನ್ನು ಸೊಟ್ಟಗೆ ಕೂರಿಸಬೇಕೆಂದು ಕೈ ತುರಿಸಿತ್ತು, ಕೂರಿಸಲಿಲ್ಲ, ಅವರು ನೆಟ್ಟಗೇ ನಗುತ್ತ ಹೋದರು, ಅವರ ಮಾತು ಮಾತ್ರ ನನ್ನಲ್ಲಿ ಉಳಿಯಿತು, ನಂಬಿಕೆ ಕಮ್ಮಿ, ಕಮ್ಮಿ, ಅಪ್ಪನನ್ನು ನಾನೇ ಕೊಂದ ಹಾಗೆ. ಆಮೇಲೆ ಪ್ರತಿ ಭಾನುವಾರ ಅಮ್ಮನನ್ನು ಗೇಟಿನ ತನಕ ಬಿಡುತ್ತಿದ್ದೆ, ಅವಳು ಇಳಿದು, ಒಳಗೆ ಬರ್ತೀಯೇನೋ, ಇಲ್ಲಮ್ಮ ಕೆಲಸ ಇದೆ, ಆಯ್ತಪ್ಪ. ಐನೂರು ಸಲವಾದರೂ ಕೇಳಿರಬೇಕು, ಒಂದು ಸಲವೂ ಮುಖ ಸಣ್ಣದು ಮಾಡಲಿಲ್ಲ, ಅದೇ ನನಗೆ ಕೋಪ, ಬೈದಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಆಸ್ಪತ್ರೆಗೆ ಸೇರಿಸಿದ್ದು ಶನಿವಾರ, ಶ್ವಾಸಕೋಶದಲ್ಲಿ ನೀರು ಅಂದರು, ಅದಕ್ಕೂ ಮುಂಚಿನಿಂದಲೇ ಇಳಿದುಹೋಗಿದ್ದಳು, ದೇಹ ಇಳಿದರೆ ಒಸಡೂ ಇಳಿಯುತ್ತದೆ, ಕೆಳಗಿನ ಸೆಟ್ಟು ಸಡಿಲವಾಗಿ, ಮಾತಾಡಿದರೆ ಹಲ್ಲು ಒಂದು ಕಡೆ ಅಮ್ಮ ಒಂದು ಕಡೆ, ಕೊಡಮ್ಮ, ಒಳಗೊಂದು ಪದರ ಹಾಕಿ ಬಿಗಿ ಮಾಡ್ತೀನಿ ಅಂತ ಸೋಮವಾರ ನಾನೇ ತಂದಿದ್ದೆ. ಮಂಗಳವಾರ ಅಮ್ಮ, ಅರ್ಧ ಗಾಳಿ ಅರ್ಧ ಮಾತು, ಗುರುವಾರ ಅಯ್ಯನವರು ಬರ್ತಾರೆ ಕಣೋ, ಕರ್ತನ ಭೋಜನ ಕೊಡೋಕೆ, ಅಷ್ಟರೊಳಗೆ ಹಲ್ಲು ತಂದ್ಕೊಡು, ರೊಟ್ಟಿ ಅಗೀಬೇಕು, ಪ್ರಾರ್ಥನೆ ಹೇಳ್ಬೇಕು, ಹಿಂಗಾದ್ರೆ ಮಾತೆಲ್ಲ ಸೋರಿಹೋಗುತ್ತೆ. ಆಯ್ತಮ್ಮ ಅಂದೆ. ಬುಧವಾರ ಮಧ್ಯಾಹ್ನಕ್ಕೇ ಕೆಲಸ ಮುಗಿದಿತ್ತು, ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟು ನೀರಿನ ಬಟ್ಟಲಲ್ಲಿ ಹಾಕಿ ಕಿಟಕಿಯಲ್ಲಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಬಟ್ಟಲ ಮುಂದೆ ನಿಂತೆ, ತಗೊಂಡು ಹೋದರೆ ಅಯ್ಯನವರು ಬರೋ ತನಕ ಕೂತಿರು ಅನ್ನುತ್ತಾಳೆ, ಕೂತರೆ ತಲೆ ಬಾಗಿಸಬೇಕು, ಬಾಗಿಸಿ, ಅವಳೂ ಉಳಿಯದಿದ್ದರೆ, ಮತ್ತೆ ಯಾರಾದರೂ ಟವೆಲಿನಲ್ಲಿ ಕೈ ಒರೆಸುತ್ತ ನನ್ನ ಕಡೆ ನೋಡಿದರೆ — ಫೋನ್ ಮಾಡಿದೆ, ಇನ್ನೂ ಗಟ್ಟಿಯಾಗಿಲ್ಲಮ್ಮ, ನಾಳೆ ತರ್ತೀನಿ. ಆ ಕಡೆಯಿಂದ, ಆಯ್ತಪ್ಪ. ಶುಕ್ರವಾರ ಹನ್ನೊಂದು ಗಂಟೆಗೆ ಸೆಟ್ಟನ್ನು ಡಬ್ಬಿಯಲ್ಲಿಟ್ಟುಕೊಂಡು ವಾರ್ಡಿಗೆ ಹೋದರೆ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು, ಹೊಸದಾಗಿ ಬಂದ ನರ್ಸು, ಅವಳಿಗೇನು ಗೊತ್ತು, ಡಬ್ಬಿ ನೋಡಿ, ಊಟ ತಂದ್ರಾ ಅಂದಳು.

ಶವಪೆಟ್ಟಿಗೆಯವನು ಎಲ್ಲ ಕಂಡವನು, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, ಅಣ್ಣಾ, ಅಮ್ಮಂಗೆ ಹಲ್ಲಿನ ಸೆಟ್ಟೇನಾದ್ರೂ ಇದ್ಯಾ, ಕೆನ್ನೆ ಒಳಗೆ ಹೋಗಿದೆ, ಮುಖ ನೋಡೋಕೆ ಜನ ಬರ್ತಾರೆ. ನಾನೇ ಹಾಕ್ತೀನಿ ಅಂದೆ. ಅವನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಇಷ್ಟು ವರ್ಷ ಪ್ಲಾಸ್ಟರಿನ ದವಡೆ ಹಿಡಿದ ಕೈ, ಇದೂ ಹೆಚ್ಚುಕಡಿಮೆ ಅಷ್ಟೇ ತಣ್ಣಗೆ, ಅಷ್ಟೇ ಬಿಗಿ, ಹೆಬ್ಬೆರಳಿಂದ ಕೆಳತುಟಿ ಇಳಿಸಿ, ಓರೆಯಾಗಿ ತೂರಿಸಿ, ಒತ್ತಿದೆ, ಕೂತಿತು. ಸಾವಿರಾರು ಸೆಟ್ಟು ಮಾಡಿದ್ದೇನೆ, ಅಷ್ಟು ಹದವಾಗಿ ಕೂತದ್ದು ಅದೊಂದೇ, ಅಲುಗಿಸಿ ನೋಡಿದೆ, ಅಲುಗಲಿಲ್ಲ, ಇನ್ನು ಅಲುಗುವ ಮಾತೇ ಇಲ್ಲ. ಬಂದವರೆಲ್ಲ, ಎಷ್ಟು ಚೆನ್ನಾಗಿ ಕಾಣ್ತಾರೆ, ಮಲಗಿ ನಗ್ತಿರೋ ಹಾಗಿದೆ ಅಂದರು, ನನ್ನ ಕೈ ಹಿಡಿದು ಅಂದರು, ಆ ಕೈಯನ್ನೇ. ಅಂದಿನಿಂದ ಲ್ಯಾಬಿಗೆ ಬಂದ ಅಚ್ಚೆಲ್ಲ ನನ್ನ ಕಣ್ಣಿಗೆ ಒಂದೇ ದವಡೆ, ಮೂರು ಕೆಲಸ ವಾಪಸ್ ಬಂದವು, ಡಾಕ್ಟರು, ಏನಪ್ಪಾ, ಎಲ್ಲಾ ಸಣ್ಣ ಅಳತೆಗೆ ಮಾಡ್ತಿದ್ದೀಯಲ್ಲ ಅಂದರು, ಹೌದಾ ಸಾರ್ ಅಂದೆ, ಯಾರ ಅಳತೆ ಅಂತ ನನಗೆ ಗೊತ್ತು.

ಎಲ್ಲರೂ ಎದ್ದರು, ಹಾಡು. ಬೆಂಚುಗಳು ಕಿರುಗುಟ್ಟಿದವು, ಅಕ್ಕ ಹಾಡಿನ ಪುಸ್ತಕ ತೆರೆದಳು, ಅವಳ ದನಿ ಮೊದಲಿಂದ ಒಡಕು, ಆದರೂ ಹಿಂದೆ ಬೀಳುವವಳಲ್ಲ, ಈ ಗದ್ದಲದಲ್ಲಿ ಹೇಳಿಬಿಡಬಹುದು, ಮನೆಯಲ್ಲಾದರೆ ಅವಳು ಕೆಲಸ ನಿಲ್ಲಿಸಿ ಮುಖ ನೋಡುತ್ತಾಳೆ, ಇಲ್ಲಿ ಮುಂದೆ ನೋಡುತ್ತಿದ್ದಾಳೆ, ಈಗಲೇ, ಅಕ್ಕಾ. ಹಾಡುತ್ತಲೇ ಪುಸ್ತಕವನ್ನು ನನ್ನ ಕಡೆ ವಾಲಿಸಿದಳು. ಅದಲ್ಲಕ್ಕ, ಅಮ್ಮನ ಹಲ್ಲು, ಬುಧವಾರಾನೇ ಆಗಿತ್ತು, ನಾನು ಬೇಕೂಂತಲೇ ತರ್ಲಿಲ್ಲ. ಅವಳು ಸಾಲು ಮುಗಿಸಿದಳು, ಒಂದು ಸ್ವರವನ್ನೂ ಬಿಡದೆ, ಆಮೇಲೆ ಉಸಿರೆಳೆಯುವ ಸಂದಿಯಲ್ಲಿ, ಗೊತ್ತು. ಏನು ಗೊತ್ತು. ಅಮ್ಮಂಗೂ ಗೊತ್ತಿತ್ತು, ಸುಳ್ಳು ಹೇಳೋವಾಗ ನಿನ್ ದನಿ ತೆಳ್ಳಗಾಗುತ್ತಲ್ಲ, ಫೋನ್ ಇಡ್ತಿದ್ದ ಹಾಗೇ ಅಂದ್ಲು, ಹಲ್ಲು ಆಗಿದೆ ಕಣೇ, ಅವನಿಗೇ ಬರೋಕಾಗ್ತಿಲ್ಲ, ಪಾಪ. ಮತ್ತೆ ಹಾಡಿಗೆ ಹೋದಳು. ಪಾಪ ಅಂದಳಂತೆ. ಹನ್ನೊಂದು ವರ್ಷ ಆ ಮಾತನ್ನು ನಾನು ಮಾಡಿದ ತಪ್ಪು ಅನ್ನುವ ಒಂದೇ ಅರ್ಥದಲ್ಲಿ ಹೊತ್ತಿದ್ದೆ, ಕಲ್ಲಿನ ಹಾಗೆ, ಅಮ್ಮನ ಅರೆಬೋಳು ಬಾಯಲ್ಲಿ ಅದು ಇಷ್ಟು ಮೆತ್ತಗೆ, ಅದೇ ಎರಡಕ್ಷರ. ಮೊದಲೇ ಯಾಕೆ ಹೇಳಲಿಲ್ಲ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಇನ್ನೊಂದು ಚರಣ. ಆಮೇಲೆ, ಕಣ್ಣು ಪುಸ್ತಕದಲ್ಲೇ ಇಟ್ಟು, ಅಯ್ಯನವರು ರೊಟ್ಟಿ ಚೂರನ್ನ ದ್ರಾಕ್ಷಾರಸದ ಪಾತ್ರೇಲಿ ಅದ್ದಿ ನೆನೆಸಿ ನಾಲಿಗೆ ಮೇಲಿಟ್ರು, ಮಗು ಥರ ಬಾಯಿ ತೆಗೆದ್ಲು, ನುಂಗಿ ಕೇಳ್ತಾಳೆ, ಅಯ್ಯನವರೇ, ನನ್ ಮಗಂಗೊಂದು ಚೂರು ಎತ್ತಿಡ್ತೀರಾ. ಹಾಗೆಲ್ಲ ಕಟ್ಟಿಕೊಡೋಕಾಗಲ್ಲಮ್ಮ, ಅವನೇ ಬರ್ಬೇಕು ಅಂದ್ರು. ಬರ್ತಾನೆ ಬಿಡಿ, ತಡ ಮಾಡ್ತಾನೆ ಅಷ್ಟೇ, ಹುಟ್ಟೋವಾಗ್ಲೂ ಹನ್ನೆರಡು ದಿನ ಕಾಯಿಸಿದ್ದ ಅಂದ್ಲು. ಅಕ್ಕ ನಕ್ಕಳು, ನಗು ಹಾಡಿನೊಳಗೆ ಸಿಕ್ಕಿಕೊಂಡು ಅಳುವಾಯಿತು, ಆದರೂ ಹಾಡಿದಳು.

ಕರ್ತನ ಭೋಜನಕ್ಕೆ ಸಾಲು ಮುಂದಕ್ಕೆ ಹೋಗುತ್ತಿದೆ, ಅಕ್ಕ ಹೊರಟಳು, ಅವಳ ಹಿಂದೆ ನನ್ನ ಕಾಲು, ನಾನು ಹೇಳಿದ್ದಲ್ಲ, ತಾನಾಗಿಯೇ, ನಾಲ್ಕು ವಾರ ಒಂದು ಕ್ಷಮೆಗೆ ಮಾತು ಜೋಡಿಸಿದ್ದೆ, ಕಿತ್ತು ಮತ್ತೆ ಜೋಡಿಸಿದ್ದೆ, ಕೇಳುವ ಮೊದಲೇ ಅಮ್ಮ ಕೊಟ್ಟು ಹೋಗಿದ್ದಾಳೆ, ಈಗ ಈ ಮಾತುಗಳನ್ನು ಎಲ್ಲಿಡಲಿ, ಯಾರಿಗೆ ಕೊಡಲಿ — ಸ್ವಾಮೀ, ನೀನೂ ಹಾಗೇ ಮಾಡಿದೆಯಲ್ಲ, ಶಿಷ್ಯರು ಬಿಟ್ಟು ಓಡಿಹೋಗುವವರೆಂದು ಗೊತ್ತಿದ್ದೂ ಆ ಕಡೆಯ ರಾತ್ರಿ ಕೂರಿಸಿ ಉಣಿಸಿದೆಯಲ್ಲ, ಅವರ ನಂಬಿಕೆ ಕಮ್ಮಿಯೋ ಜಾಸ್ತಿಯೋ ಅಳೆದು ನೋಡಿದೆಯಾ, ಅಳತೆ ನನ್ನ ಕಸುಬು, ನಿನ್ನದಲ್ಲ, ಹನ್ನೊಂದು ವರ್ಷ ನನ್ನ ಅಳತೆಗೋಲನ್ನು ನಿನ್ನ ಕೈಗೆ ಕೊಟ್ಟು ಹೆದರಿಕೊಂಡಿದ್ದೆ. ಅಮ್ಮ ಇಲ್ಲ. ಇದರಿಂದ ಅಮ್ಮ ಬರುವುದಿಲ್ಲ, ಗುರುವಾರ ವಾಪಸ್ ಬರುವುದಿಲ್ಲ, ಎದೆಯಲ್ಲಿ ನೋವು ಇದ್ದಲ್ಲೇ ಇದೆ, ಆದರೆ ಅದರ ಕುತ್ತಿಗೆ ಹಿಡಿದಿದ್ದ ಕೈ ಬಿಟ್ಟಿದೆ, ನೋವು ಈಗ ಬರೀ ನೋವು, ಅಳಬಹುದು. ಮೊಣಕಾಲೂರಿದೆ. ಅಯ್ಯನವರು ನನ್ನ ಮುಂದೆ ಬಂದು ನಿಂತರು, ಗುರುತು ಹಿಡಿದರು, ರೊಟ್ಟಿ ಚೂರು ಎತ್ತಿ, ನಿನಗೋಸ್ಕರ ಅಂದರು. ರೊಟ್ಟಿ ನಾಲಿಗೆಯ ಮೇಲಿದೆ. ಅಗಿಯುವುದಿಲ್ಲ, ಬಾಯಿತುಂಬ ಹಲ್ಲಿದೆ, ಅಗಿಯುವುದಿಲ್ಲ, ನಿಧಾನಕ್ಕೆ ನೆನೆಯಲಿ, ಹೀಗೇ ನೆಂದಿರಬೇಕು, ಅಂಚಿನಿಂದ ಶುರುವಾಗಿ, ವಾರ್ಡಿನ ಆ ಹಾಸಿಗೆಯಲ್ಲಿ, ಮಗುವಿನ ಹಾಗೆ ತೆರೆದ ಬಾಯಿ, ಕೆಳಗೆ ಬರೀ ಒಸಡು, ನಾಲಿಗೆ, ಅದರ ಮೇಲೆ ನೆಂದ ಚೂರು, ತೆರೆದ ಬಾಯಿ, ನಾಲಿಗೆ, ನೆಂದ ಚೂರು