ಎಡಗೈ ಹೊಲಿಗೆ

ಗಾಡಿಯವನು ಹೊಲಿಸಲು ತಂದು ತನ್ನ ಅಂಗಡಿ ಕಟ್ಟೆಯ ಮೇಲೆ ಕುಕ್ಕಿದ ಕಾಲಿನ ಜೋಡನ್ನು ತಿರುಗಿಸಿ ನೋಡಿದವಳ ಕೈ ಅಲ್ಲೇ ನಿಂತಿತು. ಪಕ್ಕದ ಚರ್ಮ ಬಾಯಿಬಿಟ್ಟಿದ್ದರೂ ಅಡಿಯ ಅಟ್ಟೆ ಗಟ್ಟಿಯಾಗಿತ್ತು. ಅದರ ಹೊಲಿಗೆ ಎಡಕ್ಕೆ ಓರೆಯಾಗಿ ಓಡಿ, ಗಂಟು ಹಿಮ್ಮಡಿಯ ಪದರದೊಳಗೆ ಅಡಗಿತ್ತು. ಹಾಗೆ ಗಂಟು ಬಚ್ಚಿಡುತ್ತಿದ್ದ ಎಡಚ ಒಬ್ಬನೇ, ಅವಳ ಗಂಡ.

"ಏನಕ್ಕ, ದೆವ್ವ ಕಂಡೋರ ಹಾಗೆ ಕೂತ್ಬಿಟ್ರಿ? ಅಷ್ಟೊಂದು ನಾತಾನಾ?"

"ಕಾಲು ನಿಂದಲ್ವಾ, ಇನ್ನೇನು ಘಮಘಮ ಅನ್ನತ್ತಾ?"

ಹನ್ನೆರಡು ವರ್ಷದ ಹಿಂದೆ ಬಿಳಿ ದೊರೆಗಳ ಸಿಪಾಯಿಗಳು ಠಾಣೆಯ ಅಂಗಳದಲ್ಲಿ ಒಂದು ಹೆಣ ಮಲಗಿಸಿ ಅವಳನ್ನು ಕರೆಸಿದ್ದರು. ಸರ್ಕಾರದ ಉಗ್ರಾಣ ಒಡೆದು ಹಸಿದವರಿಗೆ ಧಾನ್ಯ ಹಂಚಿದ ನಿನ್ನ ಗಂಡ ಇವನೇ ತಾನೇ ಎಂದು ಕೇಳಿದ್ದರು. ಮುಖ ಗುಂಡೇಟಿಗೆ ಗುರುತು ಸಿಗದಂತಾಗಿತ್ತು. ಅವಳು ಎಡಗೈ ನೋಡಿದಳು. ಬೆರಳಿನಲ್ಲಿ ದಾರ ಎಳೆದ ಗೀರಿರಲಿಲ್ಲ. ಯಾರ ಮಗನೋ, ಪಾಪ. "ಇವರೇ, ನಮ್ಮೆಜಮಾನ್ರು" ಎಂದು ಎದೆ ಬಡಿದುಕೊಂಡು ಅತ್ತಳು. ಅವನ ಬೇಟೆ ಅಲ್ಲಿಗೆ ನಿಂತಿತು, ಊರೂರಲ್ಲಿ ಅವನ ಮೇಲಿನ ಹಾಡು ಶುರುವಾಯಿತು. ಹಾಡಿನಲ್ಲಿ ಅವನು ಬಿಳಿ ಕುದುರೆ ಏರಿ ಬರುತ್ತಿದ್ದ. ನಿಜಕ್ಕೂ ಕುದುರೆ ಕಂಡರೆ ಮಾರುದೂರ ಹಾರುತ್ತಿದ್ದವನು! ಅದನ್ನು ಹೇಳಿಕೊಂಡು ನಗಲು ಅವಳಿಗೆ ಯಾರೂ ಇರಲಿಲ್ಲ.

"ಅಟ್ಟೆ ಹೊಲಿದಿದ್ದು ಯಾರು?" ಸೂಜಿ ಹುಡುಕುತ್ತ ಕೇಳಿದಳು.

"ಬಂದರಿನಲ್ಲೊಬ್ಬ ಮುದುಕ. ಮಾತೇ ಆಡಲ್ಲ ಮಹರಾಯ. ಆದ್ರೆ ನಾವು ಆ ಉಗ್ರಾಣ ಒಡೆದೋನ ಹಾಡು ಹೇಳ್ತಿದ್ರೆ, ಕುದುರೆ ಬಂದ ಕೂಡ್ಲೇ ಒಬ್ನೇ ನಗ್ತಾನೆ. ತಲೆ ಸ್ವಲ್ಪ ಸಡಿಲ ಅನ್ಸತ್ತೆ."

ಅವಳು ತಲೆ ತಗ್ಗಿಸಿ ದಾರಕ್ಕೆ ಮೇಣ ತಿಕ್ಕತೊಡಗಿದಳು. ಸಾಕಾದರೂ ತಿಕ್ಕುತ್ತಲೇ ಇದ್ದಳು.

"ಹೊತ್ತೊತ್ತಿಗೆ ಉಣ್ತಾನಾ?"

"ಯಾರು, ಮುದುಕನಾ? ನಂಗೇನು ಗೊತ್ತಕ್ಕ? ನಿಮ್ಮ ಪೈಕಿನಾ?"

"ಕೆಲಸ ಚೆನ್ನಾಗಿದೆ. ಅದಕ್ಕೆ ಕೇಳ್ದೆ."

ಬಂದರು ಗಾಡಿಯಲ್ಲಿ ಮೂರು ದಿನದ ದಾರಿ. ಆದರೆ ಸತ್ತವನ ಹೆಂಡತಿ ಗಂಟುಮೂಟೆ ಕಟ್ಟಿದರೆ ಠಾಣೆಗೆ ಸುದ್ದಿ ಮುಟ್ಟಲು ಮೂರು ಗಳಿಗೆ ಬೇಡ. ನೇಣಿನ ಹಗ್ಗ ಅವನ ಕೊರಳಿಗೇ. ಅವಳು ಬಿರಿದ ಪಕ್ಕವನ್ನು ಹೊಲಿದಳು. ಅಲ್ಲಿಗೇ ಮುಗಿಸಬಹುದಿತ್ತು. ಮುಗಿಸದೆ ದಾರವನ್ನು ಹಿಮ್ಮಡಿಯವರೆಗೂ ಎಳೆದೊಯ್ದು, ಪದರ ಎತ್ತಿ, ಅವನ ಗಂಟಿಗೆ ತಾಗಿದಂತೆ ತನ್ನದೊಂದು ಗಂಟು ಹಾಕಿದಳು.

"ಈ ಅಟ್ಟೆ ಸವೆದ್ರೆ ನನ್ನ ಹತ್ರ ತರಬೇಡ. ಆ ಮುದುಕನ ಕೈಲೇ ಬಿಚ್ಚಿಸು."

"ಬಂದ ಗಿರಾಕೀನ ಓಡಿಸೋರನ್ನ ಇವತ್ತೇ ನೋಡಿದ್ದು!"

"ಬೇರೆಯವರ ಕೈಗೆ ಕೊಟ್ಟೀಯ, ಜೋಕೆ."

ಗಾಡಿ ಹೊರಟಿತು. ಅವನು ರಾಗ ಎಳೆದ. ಬೀದಿಯ ತಿರುವಿನಲ್ಲಿ ಹಾಡು ಕುದುರೆಯವರೆಗೆ ಬಂತು. ಅವಳು ಉಳಿದ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಕೂತಿದ್ದಳು.